ಹಿಕ್ಕೆ ಓದಬಲ್ಲವರು

(ವನ್ಯಜೀವಿ ಸಪ್ತಾಹದಲ್ಲಿ ದಾವಣಗೆರೆಯ ವಿದ್ಯಾರ್ಥಿಗಳು ಮತ್ತು ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಬೆಂಕಿಪೊಟ್ಟಣವನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ತೆರೆದು ನೋಡಿ. ಒಣಗಿದೆ, ವಾಸನೆ ಇಲ್ಲ. ಒಳಗಿರುವುದು ಹಿಕ್ಕೆ. ಆಡಿನದು ಅಂತ ನಿಮಗೆ ಅನಿಸಬಹುದು. ಅಲ್ಲ, ಅದು ಕೊಂಡುಕುರಿಯದು. ಜಗಳೂರು ತಾಲ್ಲೂಕಿನ ಒಂದು ಹೊಲದ ಬದುವಿನಲ್ಲಿ ಸಿಕ್ಕಿತು. ವನ್ಯಧಾಮದ ಒಳಗಿಂದ ಏನನ್ನೂ ಎತ್ತಿಕೊಂಡು ಬರಬಾರದು. ಅದಕ್ಕೇ ಹೊಲದಲ್ಲಿ ಸಿಗುವ ತನಕ ಕಾದೆ.

ನಾನು ಮೂವತ್ತು ವರ್ಷ ಜಗಳೂರು ಕಡೆಯ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವನು. ಅಷ್ಟು ವರ್ಷದಲ್ಲಿ ಕೊಂಡುಕುರಿಯನ್ನು ಕಣ್ಣಾರೆ ಕಂಡದ್ದು ಹನ್ನೊಂದು ಸಲ. ಅದರಲ್ಲಿ ಎಂಟು ಸಲ ಕಂಡದ್ದು ಓಡಿಹೋಗುವ ಬೆನ್ನು ಮಾತ್ರ. ಹಿಕ್ಕೆ ಕಂಡದ್ದು ನೂರಾರು ಸಲ. ಆದರೆ ಅದನ್ನು ಹಿಕ್ಕೆ ಅಂತ ನೋಡಿ ಅದರಲ್ಲಿ ಏನಿದೆ ಅಂತ ತಿಳಿಯಲು ನನಗೆ ಇನ್ನೊಬ್ಬರು ಕಲಿಸಬೇಕಾಯಿತು. ಆ ಇನ್ನೊಬ್ಬರ ಬಗ್ಗೆ ಮಾತಾಡಲೆಂದೇ ಇವತ್ತು ಬಂದಿದ್ದೇನೆ.

ಮೊದಲು ಪ್ರಾಣಿಯ ವಿಷಯ. ಹೆಸರಿನಲ್ಲಿ ಕುರಿ ಇದ್ದರೂ ಇದು ಕುರಿಯಲ್ಲ. ಚುಕ್ಕೆ ಜಿಂಕೆಯ ಜಾತಿಯೂ ಅಲ್ಲ. ಚುಕ್ಕೆ ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬರುತ್ತದೆ. ಕೊಂಡುಕುರಿಯ ಕೊಂಬು ಉದುರುವುದಿಲ್ಲ. ಉತ್ತರದ ಕಡೆ ಕುದುರೆಯಷ್ಟು ದೊಡ್ಡದಾದ ನೀಲಗಾಯ್ ಇದೆಯಲ್ಲ, ಇದು ಅದರ ಹತ್ತಿರದ ನೆಂಟ. ಆದರೆ ಇದರ ತೂಕ 20 ಕೆ.ಜಿ. ಆಸುಪಾಸು. ಎತ್ತರ ನಿಮ್ಮ ಮಂಡಿಗಿಂತ ಸ್ವಲ್ಪ ಜಾಸ್ತಿ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಎರಡು. ನಮ್ಮ ದಕ್ಷಿಣದ ಗಂಡುಗಳಲ್ಲಿ ಹಣೆಯ ಕೊಂಬು ಎಷ್ಟೋ ಸಲ ಬರೀ ಗುಬುಟಿನ ಹಾಗೆ ಇರುತ್ತದೆ. ಹೆಣ್ಣಿಗೆ ಕೊಂಬೇ ಇಲ್ಲ. ಸಹಜವಾಗಿ ನಾಲ್ಕು ಕೊಂಬು ಹೊರುವ ಕಾಡುಪ್ರಾಣಿ ಇಡೀ ಪ್ರಪಂಚದಲ್ಲಿ ಇದೊಂದೇ. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ.

ಅಂಥ ಪ್ರಾಣಿ ನಮ್ಮ ಜಿಲ್ಲೆಯಲ್ಲಿದೆ. ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮ ಅಂತ ಘೋಷಿಸಿದರು. ಸುಮಾರು 77 ಚದರ ಕಿ.ಮೀ. ದಾವಣಗೆರೆಯ ಮಕ್ಕಳು ಬಂಡೀಪುರಕ್ಕೆ ಪ್ರವಾಸ ಹೋಗುತ್ತಾರೆ, ದಾಂಡೇಲಿಗೆ ಹೋಗುತ್ತಾರೆ. ಜಗಳೂರಿಗೆ ಯಾರು ಹೋಗುತ್ತಾರೆ? ಜಗಳೂರು ಅಂದರೆ ಬರ, ಟ್ಯಾಂಕರ್ ನೀರು, ಗುಳೆ. ಅಷ್ಟೇ ನಮ್ಮ ಮನಸ್ಸಿನಲ್ಲಿರುವುದು, ಅಲ್ವಾ?

ಬೇಸಿಗೆಯಲ್ಲಿ ಆ ಗುಡ್ಡಗಳನ್ನು ನೋಡಿದರೆ ಇಲ್ಲೇನಿದೆ ಅನಿಸುವುದು ನಿಜ. ಕಲ್ಲು, ಕಾರೆ ಮುಳ್ಳು, ಬಂದ್ರೆ ಗಿಡ, ಬಣ್ಣಗೆಟ್ಟ ಹುಲ್ಲು. ಆದರೆ ಕೊಂಡುಕುರಿಗೆ ಬೇಕಾದದ್ದು ಅದೇ. ಅದು ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಇಲ್ಲವೇ ಜೋಡಿಯಾಗಿ ಇರುತ್ತದೆ. ಅಪಾಯ ಕಂಡರೆ ಮೊದಲು ಹುಲ್ಲಿನಲ್ಲಿ ಕದಲದೆ ನಿಂತುಬಿಡುತ್ತದೆ. ಮೈಬಣ್ಣ, ಹುಲ್ಲಿನ ಬಣ್ಣ ಒಂದೇ. ನೀವು ತೀರಾ ಹತ್ತಿರ ಬಂದ ಮೇಲೆ ಮಾತ್ರ ಎದ್ದು ಹಾರುತ್ತದೆ. ಅದಕ್ಕೆ ಆಳೆತ್ತರದ ಮರಕ್ಕಿಂತ ಮೊಣಕಾಲೆತ್ತರದ ಹುಲ್ಲು ಮುಖ್ಯ. ಹತ್ತಿರದಲ್ಲೆಲ್ಲೋ ಒಂದು ಗುಂಡಿ ನೀರು ಇರಬೇಕು.

ಈಗ ಆ ಪೊಟ್ಟಣದ ವಿಷಯಕ್ಕೆ ಬರುತ್ತೇನೆ. ಆಡು ಕುರಿ ನಡೆಯುತ್ತಾ ಹಿಕ್ಕೆ ಹಾಕುತ್ತವೆ, ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಕೊಂಡುಕುರಿ ಹಾಗಲ್ಲ. ಅದಕ್ಕೊಂದು ಜಾಗ ಗೊತ್ತು. ಮತ್ತೆ ಮತ್ತೆ ಅಲ್ಲಿಗೇ ಬಂದು ಹಾಕುತ್ತದೆ. ಹಾಗಾಗಿ ರಾಶಿ ಆಗುತ್ತದೆ. ಮೇಲಿನದು ಕಪ್ಪಗೆ ಮಿರಿಮಿರಿ, ಕೆಳಗಿನದು ಬೂದುಬಣ್ಣ. ಇದನ್ನು ನನಗೆ ತೋರಿಸಿದ್ದು ಒಬ್ಬ ವಾಚರ್, ಅಂದರೆ ಕಾಡು ಕಾಯುವವನು. ದಿನಗೂಲಿಯವನು. ಕಾಡಂಚಿನ ಹಟ್ಟಿಯವನು, ಚಿಕ್ಕಂದಿನಲ್ಲಿ ಕುರಿ ಕಾದವನು. ಒಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಬಿಡಿಸಿ ತೋರಿಸಿದ. "ಮೇಷ್ಟ್ರೇ, ಇದು ಬೆಳಗಿಂದು. ಇದು ನಿನ್ನೇದು. ಇಲ್ಲಿಂದ ಕೆಳಗೆ ಹೋದ ವಾರದ್ದು. ನಡುವೆ ನಾಕು ದಿನ ಬಂದೇ ಇಲ್ಲ ನೋಡ್ರಿ. ಯಾಕೆ ಬಂದಿಲ್ಲ ಅಂದ್ರೆ, ಊರ ನಾಯಿ ಒಳಗೆ ಬಂದಾವೆ."

ಅವನು ಅಷ್ಟು ಹೇಳಿ ಎದ್ದು ಹೊರಟ. ನಾನು ಹಿಂದೆ ಹೋದೆ. ಸ್ವಲ್ಪ ದೂರದಲ್ಲಿ ಮೆತ್ತನೆ ಮಣ್ಣಿನಲ್ಲಿ ನಾಯಿಗಳ ಹೆಜ್ಜೆ ಇತ್ತು. ಕ್ಯಾಮೆರಾ ಇಲ್ಲ, ಉಪಕರಣ ಇಲ್ಲ. ನಾಲ್ಕು ದಿನದ ಕಥೆಯನ್ನು ಅಂಗೈಯಗಲದ ರಾಶಿಯಲ್ಲಿ ಓದಿದ. ನಾನು ಬಿ.ಎಸ್ಸಿ., ಬಿ.ಇಡಿ. ಓದಿದವನು. ನನಗೆ ಆ ಓದು ಇರಲಿಲ್ಲ.

ಆ ಓದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ತಪ್ಪು ಹೇಳಬೇಕು. ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ. ಹೇಳದೆ ಇರುವ ಹಕ್ಕು ನನಗಿಲ್ಲ.

ಬಹಳ ವರ್ಷದ ಹಿಂದೆ, ಜನವರಿ ತಿಂಗಳು. ಏಳನೇ ಕ್ಲಾಸಿನ ಹುಡುಗನೊಬ್ಬ ಟವೆಲಿನಲ್ಲಿ ಸುತ್ತಿಕೊಂಡು ಒಂದು ಮರಿ ತಂದ. "ಸಾರ್, ಅವ್ವ ಬಿಟ್ಟು ಹೋಗೈತೆ, ಹುಲ್ಲಲ್ಲಿ ಒಂದೇ ಮಲಗಿತ್ತು" ಅಂದ. ಕೊಂಡುಕುರಿ ಮರಿ. ಕಣ್ಣು ಅಷ್ಟಗಲ. ಮಕ್ಕಳೆಲ್ಲ ಮುತ್ತಿಕೊಂಡರು. ನಾನು ಆ ಹುಡುಗನ ಬೆನ್ನು ತಟ್ಟಿದೆ. ಶಾಲೆಯ ಕೋಣೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿ ಹಸುವಿನ ಹಾಲು ಕುಡಿಸಿದೆ. ಅರಣ್ಯ ಇಲಾಖೆಯವರಿಗೆ ತಿಳಿಸಬೇಕು ಅಂತ ಹೊಳೆದದ್ದು ಮಾರನೆ ದಿನ. ಮರಿಗೆ ಹೊಟ್ಟೆ ಕೆಟ್ಟಿತು. ಮೂರನೇ ದಿನ ಬೆಳಿಗ್ಗೆ ಸತ್ತಿತ್ತು.

ಆ ಹುಡುಗನ ಅಜ್ಜಿ ಕುರಿ ಮೇಯಿಸುವವರು. ಶಾಲೆಗೆ ಬಂದರು. ಬೈಯಲಿಲ್ಲ. "ಅದರ ಅವ್ವ ಅಲ್ಲೇ ಇದ್ಲು ಮೇಷ್ಟ್ರೇ. ಮೇಯಾಕೆ ಹೋಗಿದ್ಲು. ಸಂಜೀಗೆ ಬಂದು ಹಾಲು ಕೊಡ್ತಿದ್ಲು. ನೀವು ಎತ್ಕೊಂಡು ಬಂದ್ರಿ" ಅಂದರು.

ಇದು ಇವತ್ತು ಎಲ್ಲ ಪುಸ್ತಕದಲ್ಲೂ ಇದೆ. ತಾಯಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಅಲುಗಾಡುವುದಿಲ್ಲ. ಅಲುಗಾಡದೆ ಇರುವುದೇ ಅದರ ರಕ್ಷಣೆ. ನೀವು ಯಾರಾದರೂ ಹೊಲದಲ್ಲಿ, ಗುಡ್ಡದಲ್ಲಿ ಹೀಗೆ ಒಂಟಿ ಮರಿ ಕಂಡರೆ ಮುಟ್ಟಬೇಡಿ. ಫೋಟೋಗೆಂದು ಹತ್ತಿರ ಹೋಗಬೇಡಿ. ಹಿಂದೆ ಸರಿಯಿರಿ. ಮರಿಗೆ ಗಾಯ ಆಗಿದೆ, ನಾಯಿ ಹಿಡಿದಿದೆ ಅಂದರೆ ಮಾತ್ರ ಅರಣ್ಯ ಇಲಾಖೆಗೆ ಫೋನ್ ಮಾಡಿ. ಸಹಾಯವಾಣಿ 1926. ಬರೆದುಕೊಳ್ಳಿ.

ಅಡಗಿ ಕೂರುವ ಈ ಗುಣವೇ ಒಂದು ಸಂದರ್ಭದಲ್ಲಿ ಮರಿಗೆ ಮುಳುವಾಗುತ್ತದೆ: ಬೆಂಕಿ ಬಿದ್ದಾಗ. ಕೊಂಡುಕುರಿ ಹೆಚ್ಚಾಗಿ ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಮರಿ ಹಾಕುತ್ತದೆ. ಶಿವರಾತ್ರಿ ಹೊತ್ತಿಗೆ ಹುಲ್ಲು ಪೂರ್ತಿ ಒಣಗಿರುತ್ತದೆ. ಹೊಸ ಚಿಗುರು ಬರಲಿ ಅಂತ ಕೆಲವರು ಬೆಂಕಿ ಇಡುತ್ತಾರೆ. ಬೀಡಿ ಸೇದಿ ಎಸೆಯುತ್ತಾರೆ. ಬದು ಸುಡಲು ಹಚ್ಚಿದ್ದು ಗಾಳಿಗೆ ದಾಟುತ್ತದೆ. ತಾಯಿ ಓಡಬಲ್ಲದು. ಎಳೆ ಮರಿ ಓಡುವುದಿಲ್ಲ, ಅಲ್ಲೇ ಮಲಗಿರುತ್ತದೆ.

ನಮ್ಮಲ್ಲಿ ಬೆಂಕಿ ಆರಿಸುವುದು ಹೆಲಿಕಾಪ್ಟರ್ ಅಲ್ಲ. ಹಸಿ ಬಂದ್ರೆ ಸೊಪ್ಪಿನ ಕಟ್ಟು. ಅದರಿಂದ ಬಡಿದು ಬಡಿದು ಆರಿಸಬೇಕು. ನಾನು ಹೇಳಿದ ವಾಚರ್‌ನ ಎರಡೂ ಮುಂಗೈಯಲ್ಲಿ ರೋಮ ಇಲ್ಲ. ಪ್ರತಿ ವರ್ಷ ಸುಡುತ್ತದೆ, ಪ್ರತಿ ವರ್ಷ ಬರುತ್ತದೆ, ಮತ್ತೆ ಸುಡುತ್ತದೆ. ಮೂರು ತಿಂಗಳು ಕೂಲಿ ಕೈಗೆ ಬಾರದ ಕಾಲದಲ್ಲೂ ಅವನು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ಸವರಲು ಹೋಗುತ್ತಿದ್ದ. ಯಾಕೆ ಅಂತ ಕೇಳಿದ್ದೆ. "ಬಿಟ್ರೆ ಸುಟ್ಟು ಹೋಗುತ್ತಲ್ಲ" ಅಂದ. ಆ ಮಾತು ಕೇಳಿ ನನಗೆ ಅವನ ಬಗ್ಗೆ ಹೆಮ್ಮೆ ಅನಿಸಿತು, ಕೂಲಿ ತಡ ಮಾಡಿದವರ ಮೇಲೆ ಸಿಟ್ಟೂ ಬಂತು. ಎರಡನ್ನೂ ಒಟ್ಟಿಗೆ ಹೇಳಬೇಕು. ಬರೀ ಹೊಗಳಿದರೆ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಇಲ್ಲಿ ರೈತರು ಬಹಳ ಜನ ಬಂದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಕೊಂಡುಕುರಿ ಅಲ್ಲ, ಕರಡಿ ಇದೆ ಅಂತ ನನಗೆ ಗೊತ್ತು. ಹಂದಿಯೂ ಇದೆ.

ಕರಡಿಯ ಬಾಯಿ ನೋಡಿದ್ದೀರಾ? ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಇಲ್ಲ. ಅದು ಗೆದ್ದಲು ತಿನ್ನಲು ಆದ ಬಾಯಿ. ಉಗುರಿನಿಂದ ಹುತ್ತ ಒಡೆಯುತ್ತದೆ, ಮಣ್ಣು ಊದಿ ತೆಗೆಯುತ್ತದೆ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಗಜ ದೂರಕ್ಕೆ ಕೇಳುತ್ತದೆ. ಹಣ್ಣಿನ ಕಾಲದಲ್ಲಿ ಕಾರೆ, ಬಾರೆ, ನೇರಳೆ, ಕಕ್ಕೆಕಾಯಿ. ಬೀಜ ಎಲ್ಲೆಲ್ಲೋ ಹಾಕಿ ಬರುತ್ತದೆ, ಗಿಡ ಹುಟ್ಟುತ್ತದೆ. ಗುಡ್ಡದ ಮೇಲಿನ ಗುಡಿಗಳಿಗೆ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗುವುದೂ ಉಂಟು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತ ನಾವು ಗಾದೆಯಾಗಿ ಹೇಳುತ್ತೇವೆ, ಚಿತ್ರದುರ್ಗದ ಕಡೆಯ ಪೂಜಾರಿಗಳಿಗೆ ಅದು ಗಾದೆ ಅಲ್ಲ. ಗುಡಿಯಲ್ಲಿ ಎಣ್ಣೆ ಡಬ್ಬ ಇಟ್ಟು ಬರಬೇಡಿ. ಇಷ್ಟು ಸಣ್ಣ ಕೆಲಸದಿಂದ ಒಂದು ಪ್ರಾಣ ಉಳಿಯಬಹುದು.

ಕರಡಿಗೆ ಮನುಷ್ಯ ಊಟ ಅಲ್ಲ. ಅದು ಬೆದರಿದಾಗ ಮೈಮೇಲೆ ಬರುತ್ತದೆ. ದೃಷ್ಟಿ ಅಷ್ಟು ಚೆನ್ನಾಗಿಲ್ಲ, ಕೆಲಸದಲ್ಲಿ ಮುಳುಗಿದರೆ ನೀವು ಬಂದದ್ದು ಗೊತ್ತಾಗುವುದಿಲ್ಲ. ಹತ್ತು ಹೆಜ್ಜೆಯಲ್ಲಿ ನಿಮ್ಮನ್ನು ಕಂಡರೆ ಎದ್ದು ನಿಂತು ಮುಖಕ್ಕೇ ಕೈ ಹಾಕುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರೆ ಕೇಳುವುದೇ ಬೇಡ. ಕುರಿಗಾಹಿಗಳು ಗುಡ್ಡದಲ್ಲಿ ಸುಮ್ನೆ ಹೋಗುವುದಿಲ್ಲ, ಗಮನಿಸಿ. ಕೂಗುತ್ತಾರೆ, ಕೆಮ್ಮುತ್ತಾರೆ, ಕೋಲಿನಿಂದ ಕಲ್ಲು ಕುಟ್ಟುತ್ತಾರೆ. "ನಾನು ಬರ್ತಾ ಇದೀನಿ, ನೀನು ಸರ್ಕೋ" ಅಂತ ತಿಳಿಸುವ ರೀತಿ ಅದು.

ನನಗೆ ಗೊತ್ತಿರುವ ಒಬ್ಬ ರೈತನಿಗೆ ಒಂದು ಕಣ್ಣಿಲ್ಲ. ಕರಡಿ ಪರಚಿದ್ದು. ನಡುರಾತ್ರಿ ಎರಡು ಗಂಟೆಗೆ ಮೋಟಾರ್ ಹಾಕಲು ಹೊಲಕ್ಕೆ ಹೋಗಿದ್ದ. ಮೆಕ್ಕೆಜೋಳ ಆಳೆತ್ತರ ಬೆಳೆದಿತ್ತು. ತ್ರೀಫೇಸ್ ಕರೆಂಟು ಕೊಡುತ್ತಿದ್ದದ್ದೇ ಆ ಹೊತ್ತಿಗೆ. ಅವನು ಹೇಳಿದ ಮಾತು ಇದು: "ನನಗೆ ಕರಡಿ ಮೇಲೆ ಪ್ರೀತಿ ಇಲ್ಲ ಮೇಷ್ಟ್ರೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ರಾತ್ರಿ ಅದರ ಪಾಳಿ. ನನ್ನನ್ನ ಅದರ ಪಾಳಿಗೆ ಕಳಿಸಿದ್ದು ಯಾರು?"

ಕಾಡು ಕಾಯುವ ಕೆಲಸ ಕಾಡಿನೊಳಗೆ ಮಾತ್ರ ಇದೆ ಅಂದುಕೊಳ್ಳಬೇಡಿ. ಕಾಡಂಚಿನ ಹಳ್ಳಿಗಳಿಗೆ ಹಗಲು ತ್ರೀಫೇಸ್ ಕೊಟ್ಟರೆ ಕರಡಿಯೂ ಉಳಿಯುತ್ತದೆ, ರೈತನ ಕಣ್ಣೂ ಉಳಿಯುತ್ತದೆ. ನಾನು ಹೋದಲ್ಲೆಲ್ಲ ಇದನ್ನು ಕೇಳುತ್ತೇನೆ. ನೀವೂ ಕೇಳಿ, ಅರ್ಜಿ ಕೊಡಿ. ಇದರ ಬದಲು ಬೇಲಿಗೆ ನೇರ ಕರೆಂಟು ಬಿಡುವುದು, ಹಂದಿಗೆ ಅಂತ ಉರುಳು ಹಾಕುವುದು, ಸಿಡಿಮದ್ದು ಇಡುವುದು ಮಾಡಬೇಡಿ. ಉರುಳಿಗೆ ಹಂದಿ ಅಂತ ಓದಲು ಬರುವುದಿಲ್ಲ. ಚಿರತೆ ಬೀಳುತ್ತದೆ, ಕರಡಿ ಬೀಳುತ್ತದೆ. ಸಿಡಿಮದ್ದನ್ನು ಹಸು ಕಚ್ಚಿ ದವಡೆ ಹೋಗಿದ್ದನ್ನು ನಾನೇ ನೋಡಿದ್ದೇನೆ, ಆ ಹಸು ಒಂದು ವಾರ ಬದುಕಿತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಕರಡಿ, ಚಿರತೆ, ತೋಳ, ಕೊಂಡುಕುರಿ ಎಲ್ಲ ಮೊದಲ ಪಟ್ಟಿಯಲ್ಲಿವೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು.

ಚನ್ನಗಿರಿ ಕಡೆ ಭದ್ರಾ ಕಾಡಿನ ಆನೆಗಳ ವಿಷಯ ಬೇರೆಯದೇ. ಅದನ್ನು ಹತ್ತು ನಿಮಿಷದಲ್ಲಿ ಮುಗಿಸುವುದು ಅಲ್ಲಿನವರಿಗೆ ಅನ್ಯಾಯ ಮಾಡಿದಂತೆ. ಇವತ್ತು ಬಿಡುತ್ತೇನೆ.

ತೋಳದ ಬಗ್ಗೆ ಎರಡು ಮಾತು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅಂತಾರಲ್ಲ. ನಾವು ತೋಳವನ್ನು ಕಂಡದ್ದೇ ಹಾಗೆ, ಕಲ್ಲು ಎತ್ತಿಕೊಂಡು. ಆದರೆ ದಿನಾ ಅದರ ಜೊತೆ ಬದುಕುವ ಕುರಿಗಾಹಿಯನ್ನು ಕೇಳಿ. ರೊಪ್ಪದ ಸುತ್ತ ಮುಳ್ಳು ಬಿಗಿಯಾಗಿದ್ದರೆ, ಎರಡು ಒಳ್ಳೆ ನಾಯಿ ಇದ್ದರೆ ಅವನಿಗೆ ಹೆದರಿಕೆ ಇಲ್ಲ. ವರ್ಷಕ್ಕೆ ಒಂದೆರಡು ಮರಿ ಹೋಗುತ್ತವೆ. ಅದನ್ನು ಅವನು ಲೆಕ್ಕದಲ್ಲಿ ಇಟ್ಟುಕೊಂಡೇ ಕುರಿ ಸಾಕುತ್ತಾನೆ. ಸರ್ಕಾರದ ಪರಿಹಾರ ಇದೆ. ಆದರೆ ಸತ್ತ ಕುರಿಯ ಫೋಟೋ ಬೇಕು, ಪಶುವೈದ್ಯರು ಬಂದು ನೋಡಬೇಕು, ಕಾಗದ ಆಗಬೇಕು. ಮುನ್ನೂರು ಕುರಿ ಹೊಡೆದುಕೊಂಡು ಊರಿಂದೂರಿಗೆ ಹೋಗುವವನು ಒಂದು ಸತ್ತ ಕುರಿಗಾಗಿ ಎರಡು ದಿನ ಕಾಯಲು ಆಗುತ್ತದಾ? ಉಳಿದವಕ್ಕೆ ಮೇವು ಎಲ್ಲಿ? ಹೀಗಾಗಿ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ತೋಳಕ್ಕೆ ತುತ್ತು ಕೊಡುತ್ತಿರುವುದು ಕುರಿಗಾಹಿ. ಆ ಖರ್ಚು ಅವನ ಹೆಸರಲ್ಲಿ ಎಲ್ಲೂ ಬರೆದಿಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ವನ್ಯಧಾಮ ಆಗಿದೆ, ಸಂತೋಷ. ಆದರೆ ತೋಳ ಗೆರೆ ನೋಡಿ ನಡೆಯುವುದಿಲ್ಲ. ಅದಕ್ಕೆ ಕುರಿಗಾಹಿಯ ದಾರಿಯೇ ದಾರಿ.

ಇನ್ನೊಂದು ಹೆದರಿಕೆ ನನಗಿರುವುದು ನಾಯಿಗಳದ್ದು. ಊರ ಹೊರಗೆ ಕೋಳಿ ಅಂಗಡಿ ತ್ಯಾಜ್ಯ ಸುರಿಯುತ್ತೇವೆ. ನಾಯಿ ಗುಂಪು ಬೆಳೆಯುತ್ತದೆ. ಅವು ಗುಡ್ಡಕ್ಕೆ ಹೋಗಿ ಕೊಂಡುಕುರಿ ಅಟ್ಟುತ್ತವೆ, ತೋಳಕ್ಕೆ ರೋಗ ದಾಟಿಸುತ್ತವೆ. ಪುಣೆ ಕಡೆ ತೋಳ ಮತ್ತು ನಾಯಿ ಬೆರೆತ ಮರಿಗಳು ಹುಟ್ಟಿರುವುದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಕಸ ಎಲ್ಲಿ ಹಾಕುತ್ತೀರಿ ಅನ್ನುವುದೂ ವನ್ಯಜೀವಿ ವಿಷಯವೇ.

ಹುಡುಗರೇ, ನಿಮ್ಮಲ್ಲಿ ಕೆಲವರು ಗಿಡ ನೆಡುವ ಸಂಘ ಮಾಡಿದ್ದೀರಿ ಅಂತ ಕೇಳಿದೆ. ಒಳ್ಳೆಯ ಮನಸ್ಸು. ಆದರೆ ಹುಲ್ಲುಗಾವಲಿನಲ್ಲಿ ಗಿಡ ನೆಡಬೇಡಿ. ಹರಿಹರ ದಾಟಿದರೆ ರಾಣೆಬೆನ್ನೂರು. ಅಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದು ವನ್ಯಧಾಮ ಮಾಡಿದರು. ಅದರ ಬಹುಪಾಲು ಜಾಗದಲ್ಲಿ ನೀಲಗಿರಿ ತುಂಬಿಕೊಂಡಿತು. ಬಯಲಲ್ಲಿ ಬದುಕುತ್ತಿದ್ದ ಎರೆಭೂತ ಹಕ್ಕಿ ಅಲ್ಲಿಂದ ಹೋಯಿತು. ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ ಅದು, ಇಡೀ ದೇಶದಲ್ಲಿ ಈಗ 150ಕ್ಕಿಂತ ಕಡಿಮೆ ಉಳಿದಿವೆ. ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲುಗಳೂ ಅಂಥ ಬಯಲೇ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಎಳೆದ ಎತ್ತುಗಳಿಗೆ ಮೇವು ಕೊಟ್ಟ ನೆಲ. 2010ರ ಆಸುಪಾಸಿನಲ್ಲಿ ಸಾವಿರಾರು ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಕಾಗದದಲ್ಲಿ ಅದು ಖಾಲಿ ಜಾಗದ ಹಾಗೆ ಕಂಡಿತು. ದಿನಾ ಅಲ್ಲಿ ಕುರಿ ಮೇಯಿಸುತ್ತಿದ್ದವರನ್ನು ಮೊದಲೇ ಕೇಳಿದ್ದರೆ, ಯಾವ ಮೂಲೆಯಲ್ಲಿ ಜಿಂಕೆ ಮರಿ ಹಾಕುತ್ತದೆ, ಯಾವ ಹಳ್ಳದಲ್ಲಿ ತೋಳದ ಗವಿ ಇದೆ ಅಂತ ಬೆರಳು ಮಾಡಿ ತೋರಿಸುತ್ತಿದ್ದರು.

ಪೊಟ್ಟಣ ಈಗ ಯಾರ ಹತ್ತಿರ ಇದೆ? ಕೊನೆ ಸಾಲಿನಲ್ಲಾ? ಸರಿ.

ಆ ಅಜ್ಜಿ ಈಗಿಲ್ಲ. ಮರಿ ತಂದ ಹುಡುಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ಕುರಿ ಮಾರಿದ್ದಾರೆ. ವಾಚರ್‌ನ ಮಗ ಇಲ್ಲೇ ದಾವಣಗೆರೆಯಲ್ಲಿ ಐಟಿಐ ಓದುತ್ತಿದ್ದಾನೆ. ಓದಲಿ, ಒಳ್ಳೆಯ ಕೆಲಸ ಸಿಗಲಿ. ಅಪ್ಪನ ಹಾಗೆ ಕೈ ಸುಟ್ಟುಕೊಳ್ಳಲಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಪ್ಪನಿಗೆ ಗೊತ್ತಿರುವುದನ್ನು ಯಾರಾದರೂ ಕೂತು ಬರೆದುಕೊಳ್ಳಬೇಕು. ನಾನು ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಮೂರು ನೋಟ್‌ಬುಕ್ ತುಂಬಿವೆ. ಯಾವ ಹಳ್ಳದಲ್ಲಿ ಯಾವ ತಿಂಗಳ ತನಕ ನೀರು ಇರುತ್ತದೆ, ಯಾವ ಬಂಡೆಯ ಕೆಳಗೆ ಕರಡಿ ಮರಿ ಹಾಕಿತ್ತು, ಹೀಗೆ. ನನ್ನ ಒಬ್ಬನ ಕೈಯಲ್ಲಿ ಮುಗಿಯುವುದಿಲ್ಲ. ಆ ವಾಚರ್‌ಗೆ ಈಗ ಐವತ್ತೆಂಟು.

ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಕಾಡಂಚಿನಲ್ಲಿ ಪ್ರಾಣಿಗಳಿಗೆಂದು ಕಟ್ಟಿದ ಸಿಮೆಂಟ್ ತೊಟ್ಟಿಗಳಿವೆ. ಕೆಲವಕ್ಕೆ ಗೋಡೆ ನೆಟ್ಟಗೆ ಇದೆ. ಸಣ್ಣ ಪ್ರಾಣಿ ಒಳಗೆ ಬಿದ್ದರೆ ಹತ್ತಲು ಆಗುವುದಿಲ್ಲ. ಒಳಗೊಂದು ಕಲ್ಲಿನ ಇಳಿಜಾರು ಕಟ್ಟಿದರೆ ಸಾಕು. ಅನುಮತಿ ಸಿಕ್ಕಿದೆ. ಮುಂದಿನ ಭಾನುವಾರ ಎರಡು ತೊಟ್ಟಿಗೆ ಮಾಡೋಣ ಅಂತ ಇದ್ದೇವೆ. ಆ ವಾಚರ್ ಅಣ್ಣನೂ ಇರುತ್ತಾನೆ. ಬರುವವರು ಹೊರಡುವ ಮುಂಚೆ ನನ್ನ ಹತ್ತಿರ ಹೆಸರು ಬರೆಸಿ. ಹತ್ತು ಜನ ಸಾಕು, ಜಾಸ್ತಿ ಬೇಡ. ಬೆಳಿಗ್ಗೆ ಐದಕ್ಕೆ ಹೊರಡುವುದು. ನೀರು ತನ್ನಿ, ಬುತ್ತಿ ತನ್ನಿ, ಬಿಳಿ ಅಂಗಿ ಹಾಕಬೇಡಿ. ಒಂದು ನೋಟ್‌ಬುಕ್ ಮರೆಯಬೇಡಿ.